ಮೇಸ್ತ್ರಿಯ ಗಾಡಿ

ಹುಣಸೂರಿನ ಗಾರೆ ಮೇಸ್ತ್ರಿಯು ಗಾಡಿ ಕೊಳ್ಳಹೊರಟರೆ ಮೊದಲು ಎಣಿಸುವುದು ಸಿಮೆಂಟಿನ ಮೂಟೆಗಳನ್ನು. ಮೂಟೆಗೆ 50 ಕಿಲೋ. 2005ರಲ್ಲಿ ಬಂದ ಟಾಟಾ ಏಸ್ ಸುಮಾರು ಮುಕ್ಕಾಲು ಟನ್ನು, ಎಂದರೆ ಹದಿನೈದು ಮೂಟೆ ಹೊರುವುದು. ಪಿರಿಯಾಪಟ್ಟಣದ ಕಿರುಗೇರಿಗಳಲ್ಲಿಯೂ ಕೃಷ್ಣರಾಜನಗರದ ನಾಲೆಯ ಏರಿಗಳ ಮೇಲೂ ಸರಾಗವಾಗಿ ತಿರುಗುವುದು. ಬೊಲೆರೊ ಪಿಕಪ್ ಟನ್ನಿಗೂ ಮಿಕ್ಕು ಹೊರುವುದು. ಬೆಲೆಯೂ ಅದಕ್ಕೆ ತಕ್ಕಂತೆಯೇ. ಹೊಗೆಸೊಪ್ಪಿನ ಹರಾಜಿನ ದಿನಗಳಲ್ಲಿ ಬಾಡಿಗೆಯೂ ದೊರಕೀತೆಂಬ ಆಸೆ ಬೇರೆ. ಹರಾಜು ಕೆಲವೇ ತಿಂಗಳು. ಸಾಲದ ಕಂತು ವರ್ಷವಿಡೀ!

ಆದರೆ ಮೂಟೆಗಿಂತ ಮುಂಚೆ ಗಾಡಿಯೇರುವವರು ಆಳುಗಳಲ್ಲವೆ? ಹೆಗ್ಗಡದೇವನಕೋಟೆಯ ಕಡೆ ಕೆಲಸವಿದ್ದರೆ ಬೆಳಗಾಗುತ್ತಲೇ ಐದಾರು ಮಂದಿ ಹಾರೆ ಕರಣೆಗಳ ನಡುವೆ ಹಿಂದಿನ ತೊಟ್ಟಿಯಲ್ಲಿ ಕುಳಿತು ಹೊರಡುವರು. ಸರಕಿನ ಗಾಡಿಯಲ್ಲಿ ಜನರನ್ನು ಹೀಗೆ ಒಯ್ಯುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ಗಾಡಿ ಮಗುಚಿತೆನ್ನಿ, ವಿಮೆಯ ಹಣ ಕೈಸೇರುವುದೂ ಕಷ್ಟ; ಕೈಕಾಲು ಮುರಿದವನ ಮನೆಯವರು ಬಂದು ನಿಲ್ಲುವುದು ಮೇಸ್ತ್ರಿಯ ಬಾಗಿಲಿಗೇ.

ಬೊಲೆರೊ ಕ್ಯಾಂಪರಿನಲ್ಲಿ ಚಾಲಕನ ಹಿಂದೆ ಇನ್ನೊಂದು ಸಾಲು ಆಸನವುಂಟು. ಐವರು ಒಳಗೆ ಕೂರಬಹುದು. ತೊಟ್ಟಿ ಗಿಡ್ಡ, ಕಂಬಿ ಹಿಡಿಯದೆಂದು ಅದನ್ನು ಹಳಿಯುವವರುಂಟು. ನಲವತ್ತಡಿಯ ಕಂಬಿ ಉಳಿದ ಗಾಡಿಗಳ ತೊಟ್ಟಿಯಲ್ಲಿ ತಾನೇ ಹಿಡಿದೀತೆ? ಕಂಬಿ ಇಟ್ಟಿಗೆಗಳಿಗೆ ಬಾಡಿಗೆಯ ಲಾರಿ ಹೇಗೂ ಬರುವುದು. ದಿನವೂ ಹೋಗಬೇಕಾದದ್ದು ನಾಲ್ವರು ಆಳುಗಳು, ಬಾಂಡಲಿ, ಹಲಗೆ, ಹತ್ತು ಮೂಟೆ ಸಿಮೆಂಟು. ಐದನೆಯ ಆಳಿಗೆ ಬಸ್ಸಿನ ಕಾಸು ಕೊಟ್ಟರಾಯಿತು. ಹೆಣ್ಣಾಳಾದರೆ ಸರ್ಕಾರಿ ಬಸ್ಸಿನಲ್ಲಿ 2023ರಿಂದ ಆ ಖರ್ಚೂ ಇಲ್ಲ.