ಹಾಡು ಕಟ್ಟಿದ ಪೋಸ್ಟ್‌ಮ್ಯಾನ್: ಜಾನ್ ಪ್ರೈನ್

ನಮ್ಮಲ್ಲಿ ಹೆಚ್ಚಿನವರಿಗೆ ಅಮೆರಿಕದ ಸಂಗೀತ ಅಂದ್ರೆ ಜಿಮ್‌ನಲ್ಲಿ ಕೇಳಿಸೋ ಪಾಪ್, ಇಲ್ಲಾ ಕಾರಲ್ಲಿ ಹಾಕೋ ಹಿಪ್-ಹಾಪ್. "ಅಮೆರಿಕಾನಾ" ಅನ್ನೋ ಹೆಸರು ಕೇಳಿದವರು ಕಡಿಮೆ. ಕಂಟ್ರಿ, ಫೋಕ್, ಬ್ಲೂಸ್ ಇವೆಲ್ಲದರ ಬೇರಿನಿಂದ ಚಿಗುರಿದ ಹಾಡುಗಳನ್ನು ಇಲ್ಲಿ ಹಾಗೆ ಕರೀತಾರೆ. ಒಂದು ಗಿಟಾರು, ಅದರ ಜೊತೆ ಒಂದು ಕಥೆ. ನಮ್ಮ ಭಾವಗೀತೆಯ ಹಾಗೆ ಇಲ್ಲೂ ಮಾತೇ ಮುಖ್ಯ; ಆದ್ರೆ ಕವಿ ಬೇರೆ, ಗಾಯಕ ಬೇರೆ ಅಲ್ಲ. ಬರೆದವರೇ ಹಾಡ್ತಾರೆ.

ಈ ಹಾದಿಯಲ್ಲಿ ಐವತ್ತು ವರ್ಷ ನಡೆದವರು ಜಾನ್ ಪ್ರೈನ್. ನಮ್ಮ ಇಲಿನಾಯ್ ರಾಜ್ಯದವರೇ. 1946ರ ಅಕ್ಟೋಬರ್ 10ರಂದು ಶಿಕಾಗೋ ಪಕ್ಕದ ಮೇವುಡ್‌ನಲ್ಲಿ ಹುಟ್ಟಿದರು. ಅಪ್ಪ ಕಾರ್ಖಾನೆಯಲ್ಲಿ ಅಚ್ಚು-ಉಪಕರಣ ಮಾಡುವ ಕುಶಲಕರ್ಮಿ. ಅಪ್ಪ-ಅಮ್ಮನ ಮೂಲ ಕೆಂಟಕಿಯ ಕಲ್ಲಿದ್ದಲ ಸೀಮೆ. ಹದಿನಾಲ್ಕನೇ ವಯಸ್ಸಿಗೆ ಅಣ್ಣನಿಂದ ಗಿಟಾರ್ ಕಲಿತರು. ಹೈಸ್ಕೂಲ್ ಮುಗಿಸಿ ಅಂಚೆ ಇಲಾಖೆ ಸೇರಿದರು. ವಿಯೆಟ್ನಾಂ ಯುದ್ಧದ ಕಾಲ; ಸೈನ್ಯಕ್ಕೆ ಕರೆ ಬಂತು. ಅದೃಷ್ಟಕ್ಕೆ ಪಶ್ಚಿಮ ಜರ್ಮನಿಗೆ ಹಾಕಿದರು, ಅಲ್ಲಿ ಮೆಕ್ಯಾನಿಕ್ ಕೆಲಸ. ವಾಪಸ್ ಬಂದು ಮತ್ತೆ ಟಪಾಲು ಚೀಲ ಹೆಗಲಿಗೆ ಹಾಕಿಕೊಂಡರು.

ಹಾಡು ಹುಟ್ಟಿದ್ದು ಆ ಚೀಲದ ಜೊತೆಗೇ. ದಿನಾ ಅದೇ ಬೀದಿ, ಅದೇ ಮನೆಗಳು. ಕಾಲು ತಾನಾಗಿ ನಡೀತಾ ಇರುತ್ತೆ, ತಲೆ ಖಾಲಿ. ಶಿಕಾಗೋ ಚಳಿ ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ! ಆ ಗಾಳಿ ತಡೆಯೋಕೆ ಆಗದೆ ಪ್ರೈನ್, ಟಪಾಲು ಇಡೋಕೆ ಅಂತ ರಸ್ತೆ ಬದಿಯಲ್ಲಿದ್ದ ದೊಡ್ಡ ಪೆಟ್ಟಿಗೆಯೊಳಗೆ ನುಸುಳಿ ಕೂತು ಸ್ಯಾಂಡ್‌ವಿಚ್ ತಿಂತಿದ್ದರಂತೆ. 'ಹಲೋ ಇನ್ ದೇರ್' ಹಾಡಿನ ಒಂದಷ್ಟು ಭಾಗ ಹುಟ್ಟಿದ್ದು ಅಂಥ ಪೆಟ್ಟಿಗೆಯಲ್ಲಿ ಅಂತ ಅವರೇ ಹೇಳಿಕೊಂಡಿದ್ದಾರೆ.

ಅವರು ಬೆಳಕಿಗೆ ಬಂದ ಕಥೆಯಲ್ಲಿ ನಮ್ಮ ಊರಿಗೂ ಒಂದು ಪಾಲಿದೆ. 1970ರಲ್ಲಿ ಶಿಕಾಗೋದ 'ಫಿಫ್ತ್ ಪೆಗ್' ಅನ್ನೋ ಸಣ್ಣ ಜಾಗದಲ್ಲಿ ಈ ಪೋಸ್ಟ್‌ಮ್ಯಾನ್ ಹಾಡ್ತಿದ್ದರು. ಒಂದು ರಾತ್ರಿ ಸಿನಿಮಾ ವಿಮರ್ಶಕರೊಬ್ಬರು, ಥಿಯೇಟರ್‌ನ ಪಾಪ್‌ಕಾರ್ನ್‌ನಲ್ಲಿ ಉಪ್ಪು ಜಾಸ್ತಿಯಾಗಿ, ಸಿನಿಮಾ ಅರ್ಧಕ್ಕೇ ಬಿಟ್ಟು ಬಿಯರ್ ಕುಡಿಯೋಕೆ ಅಲ್ಲಿಗೆ ಬಂದರಂತೆ. ಹಾಡು ಕೇಳಿ ಹೋಗಿ 'ಶಿಕಾಗೋ ಸನ್-ಟೈಮ್ಸ್'ನಲ್ಲಿ ಸಿನಿಮಾ ಬದಲು ಈ ಹಾಡುವ ಅಂಚೆಯವನ ಬಗ್ಗೆ ಬರೆದರು. ಆ ವಿಮರ್ಶಕ ರೋಜರ್ ಈಬರ್ಟ್: ಅರ್ಬಾನಾದಲ್ಲಿ ಹುಟ್ಟಿ, ನಮ್ಮ ವಿಶ್ವವಿದ್ಯಾಲಯದಲ್ಲೇ ಓದಿದವರು. ಷಾಂಪೇನ್‌ನ ವರ್ಜೀನಿಯಾ ಥಿಯೇಟರ್ ಮುಂದೆ ಕುರ್ಚಿ ಮೇಲೆ ಕೂತಿರೋ ಅವರ ಪ್ರತಿಮೆ ಪಕ್ಕ ನಮ್ಮಲ್ಲಿ ಎಷ್ಟೋ ಜನ ಫೋಟೋ ತೆಗೆಸಿಕೊಂಡಿದ್ದೇವೆ. ಆಮೇಲೆ ಗೆಳೆಯ ಸ್ಟೀವ್ ಗುಡ್‌ಮನ್ ಹಠ ಹಿಡಿದು ಕ್ರಿಸ್ ಕ್ರಿಸ್ಟಾಫರ್ಸನ್ ಅವರನ್ನು ನಡುರಾತ್ರಿಯಲ್ಲಿ ಕರೆದುಕೊಂಡು ಬಂದು ಹಾಡು ಕೇಳಿಸಿದರು. 1971ರಲ್ಲಿ ಅಟ್ಲಾಂಟಿಕ್ ಕಂಪನಿಯಿಂದ ಮೊದಲ ಆಲ್ಬಮ್ ಬಂತು.

ಆ ಆಲ್ಬಮ್ ಬಂದಾಗ ಅವರಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ, ಇಲ್ಲಾ ಆಗಷ್ಟೇ ತುಂಬಿತ್ತು. ಅಂದ್ರೆ ನಮ್ಮ ಮಾಸ್ಟರ್ಸ್ ವಿದ್ಯಾರ್ಥಿಗಳ ವಯಸ್ಸು. ಆ ವಯಸ್ಸಲ್ಲಿ ಹುಡುಗರು ತಮ್ಮ ಪ್ರೀತಿ, ತಮ್ಮ ವಿರಹದ ಬಗ್ಗೆ ಬರೀತಾರೆ. ಪ್ರೈನ್ ಬರೆದದ್ದು ಯಾರ ಬಗ್ಗೆ ನೋಡಿ. 'ಸ್ಯಾಮ್ ಸ್ಟೋನ್'ನಲ್ಲಿ ಯುದ್ಧದಿಂದ ಪದಕದ ಜೊತೆ ಮಾದಕ ವಸ್ತುವಿನ ಚಟವನ್ನೂ ಹೊತ್ತು ತಂದ ಸೈನಿಕ, ಅವನ ಹೆಂಡತಿ ಮಕ್ಕಳು. 'ಏಂಜೆಲ್ ಫ್ರಮ್ ಮಾಂಟ್ಗಾಮರಿ'ಯಲ್ಲಿ ಅಡುಗೆಮನೆಯಲ್ಲಿ ಜೀವನ ಕಳೆದುಹೋದ ನಡುವಯಸ್ಸು ದಾಟಿದ ಹೆಂಗಸು. ಅದನ್ನು ಅವಳ ಬಾಯಲ್ಲೇ, "ನಾನು" ಅಂತಲೇ ಹಾಡ್ತಾರೆ. 1974ರಲ್ಲಿ ಬಾನಿ ರೇಟ್ ಹಾಡಿದ ಮೇಲೆ ಅದು ಇನ್ನಷ್ಟು ಮನೆಮಾತಾಯಿತು.

'ಪ್ಯಾರಡೈಸ್' ಅಪ್ಪನಿಗಾಗಿ ಕಟ್ಟಿದ ಹಾಡು. ಪ್ಯಾರಡೈಸ್ ಅನ್ನೋದು ಕೆಂಟಕಿಯಲ್ಲಿ ಗ್ರೀನ್ ನದಿ ದಂಡೆಯ ಅಪ್ಪನ ಊರು. ಕಲ್ಲಿದ್ದಲಿಗಾಗಿ ಸುತ್ತಲ ನೆಲದ ಮೇಲ್ಪದರವನ್ನೇ ಕೆರೆದು ತೆಗೆದರು. ಪಕ್ಕದಲ್ಲಿ ವಿದ್ಯುತ್ ಸ್ಥಾವರ ಬಂತು. ಅದರ ಬೂದಿ ಊರ ಮೇಲೆ ಬೀಳತೊಡಗಿ, 1967ರ ಹೊತ್ತಿಗೆ ಊರನ್ನೇ ಖಾಲಿ ಮಾಡಿಸಿ ಕೆಡವಿಬಿಟ್ಟರು. ಮಗ ಹಾಡಿನ ಟೇಪ್ ತಂದಾಗ ಅಪ್ಪ ಪಕ್ಕದ ಕೋಣೆಗೆ ಹೋಗಿ ಕತ್ತಲಲ್ಲಿ ಕೂತು ಕೇಳಿದರಂತೆ. ಜೂಕ್‌ಬಾಕ್ಸ್‌ನಲ್ಲಿ ಬರ್ತಿದೆ ಅಂದುಕೊಂಡು ಕೇಳಬೇಕು ಅನ್ನೋ ಆಸೆ! ಆಲ್ಬಮ್ ಹೊರಗೆ ಬರೋ ಮೊದಲೇ ಅಪ್ಪ ತೀರಿಕೊಂಡರು.

ನನ್ನನ್ನು ತುಂಬಾ ಕಾಡಿದ್ದು 'ಹಲೋ ಇನ್ ದೇರ್'. ಹುಡುಗನಾಗಿದ್ದಾಗ ಪ್ರೈನ್ ಒಂದು ವೃದ್ಧಾಶ್ರಮಕ್ಕೆ ಪೇಪರ್ ಹಾಕೋಕೆ ಹೋಗ್ತಿದ್ದರು. ಅಲ್ಲಿನ ಕೆಲವು ಅಜ್ಜ-ಅಜ್ಜಿಯರು ಪಕ್ಕದವರ ಮುಂದೆ ಈ ಹುಡುಗ ತಮ್ಮ ಮೊಮ್ಮಗನೋ ನೆಂಟನೋ ಅನ್ನೋ ಹಾಗೆ ನಡೆದುಕೊಳ್ತಿದ್ದರಂತೆ. ಆ ನೆನಪು ಹಾಡಾಯಿತು. ಹಾಡಲ್ಲಿ ವಯಸ್ಸಾದ ಗಂಡ-ಹೆಂಡತಿ. ಒಬ್ಬ ಮಗ ಕೊರಿಯಾ ಯುದ್ಧದಲ್ಲಿ ಹೋದ. ಉಳಿದವರು ಬೆಳೆದು ದೂರ ಹೋದರು. ಮುದುಕನಿಗೆ ಹಳೇ ಸಹೋದ್ಯೋಗಿಗೆ ಫೋನ್ ಮಾಡಬೇಕು ಅನಿಸುತ್ತೆ. ಆದ್ರೆ ಅವನು "ಏನು ಸಮಾಚಾರ" ಅಂದ್ರೆ ಹೇಳೋಕೆ ಏನಿದೆ?

ಇದನ್ನು ಕೇಳಿದಾಗ ನನಗೆ ನಮ್ಮ ಭಾನುವಾರದ ವಿಡಿಯೋ ಕಾಲ್‌ಗಳು ನೆನಪಾದವು. ನಿಮ್ಮ ಮನೆಯಲ್ಲೂ ಇದೇ ತಾನೇ? "ಊಟ ಆಯ್ತಾ?" "ಆಯ್ತು." "ಏನ್ ವಿಶೇಷ?" "ಏನೂ ಇಲ್ಲ, ನೀನೇ ಹೇಳು." ಆ "ಏನೂ ಇಲ್ಲ" ಒಳಗೆ ಏನಿದೆ ಅಂತ ಕೇಳಿದವರು ಈ ಪೋಸ್ಟ್‌ಮ್ಯಾನ್. ಒಂದು ಭಾನುವಾರ ನಾನೂ ಪ್ರಶ್ನೆ ಬದಲಾಯಿಸಿ ನೋಡಿದೆ. ತಿಪಟೂರು ಹತ್ತಿರದ ಹಳ್ಳಿಯಲ್ಲಿರೋ ನಮ್ಮಜ್ಜಿಗೆ "ಏನಜ್ಜಿ ಸಮಾಚಾರ" ಅನ್ನೋ ಬದಲು "ಅಜ್ಜಿ, ಈ ಸಲ ಕಾಯಿ ಕೀಳೋಕೆ ಯಾರು ಬಂದಿದ್ರು?" ಅಂದೆ. ಇಪ್ಪತ್ತು ನಿಮಿಷ ಮಾತು ನಿಲ್ಲಲಿಲ್ಲ. ಕಾಯಿ ಕೀಳೋನಿಗೆ ಸೊಂಟ ನೋವು, ಮಗನ್ನ ಕಳಿಸಿದಾನೆ. ಕೊಬ್ಬರಿ ರೇಟು ಹೀಗಿದೆ. ಪಕ್ಕದ ಮನೆಯವರು ಬೆಂಗಳೂರಿಗೆ ಮಗನ ಮನೆಗೆ ಹೋಗಿಬಿಟ್ಟರು, ಬೀಗ ಹಾಕಿದೆ. "ಸಾಯಂಕಾಲ ಅವರ ಜಗಲಿ ಮೇಲೂ ಒಂದು ದೀಪ ಇಟ್ಟು ಬತ್ತೀನಿ ಕಣಪ್ಪ, ಮನೆ ಕತ್ತಲಾಗಬಾರದು" ಅಂದರು. ಪ್ರೈನ್ ಕೇಳಿದ್ದರೆ ಇದನ್ನು ಹಾಡು ಮಾಡಿಬಿಡ್ತಿದ್ದರು ಅನಿಸಿತು.

ಇಷ್ಟೆಲ್ಲಾ ಹೊಗಳಿಕೆ ಬಂದರೂ ಅವರ ರೆಕಾರ್ಡುಗಳು ದೊಡ್ಡ ಮಟ್ಟದಲ್ಲಿ ಮಾರಾಟ ಆಗಲಿಲ್ಲ. ಎರಡು ದೊಡ್ಡ ಕಂಪನಿಗಳ ಜೊತೆ ಏಳು ಆಲ್ಬಮ್ ಮಾಡಿದ ಮೇಲೆ, ಎಂಬತ್ತರ ದಶಕದ ಶುರುವಿನಲ್ಲಿ ಮ್ಯಾನೇಜರ್ ಅಲ್ ಬನೆಟ್ಟಾ ಜೊತೆ ಸೇರಿ 'ಓ ಬಾಯ್ ರೆಕಾರ್ಡ್ಸ್' ಅಂತ ತಮ್ಮದೇ ಸಣ್ಣ ಕಂಪನಿ ತೆರೆದರು. ಅಭಿಮಾನಿಗಳಿಗೆ ರೆಕಾರ್ಡು ತಲುಪಿದ್ದು ಹೇಗೆ ಗೊತ್ತಾ? ಅಂಚೆಯಲ್ಲೇ! 1984ರಲ್ಲಿ ಲ್ಯುಕೀಮಿಯಾದಿಂದ ಗೆಳೆಯ ಗುಡ್‌ಮನ್ ತೀರಿಕೊಂಡರು. ಪ್ರೈನ್ ನಿಲ್ಲಲಿಲ್ಲ. 1991ರ 'ದಿ ಮಿಸ್ಸಿಂಗ್ ಇಯರ್ಸ್' ಆಲ್ಬಮ್‌ಗೆ ಗ್ರ್ಯಾಮಿ ಬಂತು.

1998ರಲ್ಲಿ ಕುತ್ತಿಗೆಯ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯ ನಂತರ ದನಿ ಕೆಳಗಿಳಿದು ಗೊಗ್ಗರಾಯಿತು. ಅದೇ ದನಿಯಲ್ಲಿ ಹಾಡಿದರು. 2005ರ 'ಫೇರ್ ಆ್ಯಂಡ್ ಸ್ಕ್ವೇರ್'ಗೆ ಮತ್ತೊಂದು ಗ್ರ್ಯಾಮಿ. 2013ರಲ್ಲಿ ಶ್ವಾಸಕೋಶದ ಕ್ಯಾನ್ಸರ್. ಆಗ ಮನೆಯ ಮೆಟ್ಟಿಲು ಹತ್ತಿ ಇಳಿದು, ಏದುಸಿರು ಬಿಡುತ್ತಲೇ ಗಿಟಾರ್ ಹಿಡಿದು ಹಾಡು ಹೇಳಿ, ಉಸಿರನ್ನು ಪಳಗಿಸಿಕೊಂಡರು. 2018ರಲ್ಲಿ, 71ನೇ ವಯಸ್ಸಿನಲ್ಲಿ ಬಂದ 'ದಿ ಟ್ರೀ ಆಫ್ ಫರ್ಗಿವ್‌ನೆಸ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನ ಮುಟ್ಟಿತು. ಅವರ ಇಡೀ ಜೀವನದಲ್ಲೇ ಅತಿ ಎತ್ತರದ ಸ್ಥಾನ ಅದು. 2017 ಮತ್ತು 2018, ಎರಡು ವರ್ಷವೂ ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಕಲಾವಿದ ಪ್ರಶಸ್ತಿ ಅವರದೇ.

ಎರಡು ಸಲ ಕ್ಯಾನ್ಸರ್ ಗೆದ್ದವರನ್ನು ಕೋವಿಡ್ ಬಿಡಲಿಲ್ಲ. 2020ರ ಏಪ್ರಿಲ್ 7ರಂದು ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡರು. ಇಲಿನಾಯ್ ಅವರನ್ನು ರಾಜ್ಯದ ಗೌರವ ಕವಿಯಾಗಿ ಘೋಷಿಸಿತು. ಕೊನೆಯದಾಗಿ ರೆಕಾರ್ಡ್ ಮಾಡಿದ 'ಐ ರಿಮೆಂಬರ್ ಎವೆರಿಥಿಂಗ್'ಗೆ 2021ರಲ್ಲಿ ಎರಡು ಗ್ರ್ಯಾಮಿ ಬಂದವು. 'ಪ್ಯಾರಡೈಸ್' ಹಾಡಲ್ಲಿ ಕೇಳಿಕೊಂಡ ಹಾಗೇ ಅವರ ಚಿತಾಭಸ್ಮದ ಅರ್ಧವನ್ನು ಗ್ರೀನ್ ನದಿಯಲ್ಲಿ ಬಿಟ್ಟರು. ಇನ್ನರ್ಧ ಶಿಕಾಗೋದಲ್ಲಿ ಅಪ್ಪ-ಅಮ್ಮನ ಪಕ್ಕದಲ್ಲಿದೆ.

ಕೇಳೋಕೆ ಶುರು ಮಾಡೋರು 1971ರ ಮೊದಲ ಆಲ್ಬಮ್‌ನಿಂದಲೇ ಶುರು ಮಾಡಿ. ಉಚ್ಚಾರಣೆ ಮೊದಲು ಕಷ್ಟ ಅನಿಸಬಹುದು, ಸಾಹಿತ್ಯ ಎದುರಿಗೆ ಇಟ್ಟುಕೊಳ್ಳಿ. 'ಹಲೋ ಇನ್ ದೇರ್' ಮುಗಿದ ಮೇಲೆ ಊರಲ್ಲಿ ಈಗ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ. ಅಲ್ಲಿ ಎದ್ದಿರೋ ಹೊತ್ತಾಗಿದ್ದರೆ ಒಂದು ಫೋನ್ ಮಾಡಿ. "ಏನ್ ವಿಶೇಷ" ಅಂತ ಮಾತ್ರ ಕೇಳಬೇಡಿ.