ಅವಿಸ್ ಎಂಬ ಹಕ್ಕಿ

ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನು ಈ ವರ್ಷ ವಿಭಕ್ತಿಗಳನ್ನು ಒಪ್ಪಿಸುತ್ತ ನಡುವೆ ನಿಲ್ಲಿಸಿ, "ಗುರುಗಳೇ, ಈ ಕಾಟ ನಮಗೊಬ್ಬರಿಗೇ ಏಕೆ?" ಎಂದು ಕೇಳಿದನು. ಅವನ ಕೈಯಲ್ಲಿ ವಿಜ್ಞಾನದ ಪುಸ್ತಕವಿತ್ತು. ಪಕ್ಷಿವರ್ಗಕ್ಕೆ ಅದರಲ್ಲಿ 'ಏವೀಸ್' ಎಂಬ ಹೆಸರು. ಅದನ್ನೇ ಕರಿಹಲಗೆಯ ಮೇಲೆ ಬರೆದೆನು.

ಸ್ವೀಡನ್ ದೇಶದ ಲಿನೇಯಸನು 1735ರಲ್ಲಿ ಪ್ರಾಣಿಗಳನ್ನು ಆರು ವರ್ಗಗಳಾಗಿ ವಿಂಗಡಿಸಿ, ಒಂದಕ್ಕೆ ಈ ಲ್ಯಾಟಿನ್ ಹೆಸರನ್ನಿಟ್ಟನು. ಅದು ಬಹುವಚನ. ಒಂದು ಹಕ್ಕಿಯಾದರೆ 'ಅವಿಸ್'. ಹಕ್ಕಿಯನ್ನು ಎನ್ನಲು 'ಅವೆಮ್', ಹಕ್ಕಿಗಳ ಎನ್ನಲು 'ಅವಿಉಮ್', ಹಕ್ಕಿಗಳಿಗೆ ಎನ್ನಲು 'ಅವಿಬುಸ್'. ರೋಮಿನ ಮಕ್ಕಳಿಗೂ ಬಿಡುಗಡೆಯಿರಲಿಲ್ಲವೆಂದು ತಿಳಿದಾಗ ಹುಡುಗನ ಮುಖ ತುಸು ಅರಳಿತು! ನಮ್ಮ ಹಕ್ಕಿ ನಪುಂಸಕಲಿಂಗ. ಅವರದು, ಗಂಡುಹಕ್ಕಿಯಾದರೂ, ಸ್ತ್ರೀಲಿಂಗ.

ಮ್ಯಾಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನನಗೆ ಲ್ಯಾಟಿನ್ನಿನ ಪರಿಚಯವಾದದ್ದು ಮುಂಬಯಿಗೆ ಬಂದ ಮೇಲೆ, ನಿಘಂಟುಗಳ ಮೂಲಕ. ಅಲ್ಲಿ ಕಂಡ ನಂಟು ಸೋಜಿಗದ್ದು. ಅಮರಕೋಶವು ಹಕ್ಕಿಗೆ ಹೇಳುವ ಹೆಸರುಗಳಲ್ಲಿ 'ವಿ' ಎಂಬುದೂ ಒಂದು. ಅವಿಸ್ ಮತ್ತು ವಿ ಒಂದೇ ಮೂಲದವು. ಆದರೆ ಸಂಸ್ಕೃತದ 'ಅವಿ' ಕುರಿ. ಅದರ ದಾಯಾದಿ ಲ್ಯಾಟಿನ್ನಿನ 'ಓವಿಸ್'. ಕೇಳಿದ ಧ್ವನಿಯನ್ನೇ ನಂಬಿ ನಂಟು ಕಟ್ಟಹೊರಟರೆ ಕುರಿಗೆ ರೆಕ್ಕೆ ಬಂದೀತು!

ಅವಿಸ್ ಪದಕ್ಕೆ ನೋಡುವುದೆಂಬ ಅರ್ಥದ ಧಾತು ಕೂಡಿ 'ಔಸ್ಪೆಕ್ಸ್' ಆಯಿತು, ಹಕ್ಕಿಯನ್ನು ನೋಡಿ ಫಲ ಹೇಳುವವನು. ರೋಮಿನಲ್ಲಿ ಹಕ್ಕಿಯ ಒಪ್ಪಿಗೆಯಿಲ್ಲದೆ ಯುದ್ಧಕ್ಕೆ ಇಳಿಯುತ್ತಿರಲಿಲ್ಲ. ಕ್ರಿ. ಪೂ. 249ರಲ್ಲಿ ಕ್ಲಾಡಿಯಸ್ ಪುಲ್ಕರ್ ಎಂಬ ಸೇನಾಪತಿಯು, ಪವಿತ್ರವಾದ ಕೋಳಿಗಳು ಕಾಳು ತಿನ್ನಲಿಲ್ಲವೆಂದು ಸಿಟ್ಟಾಗಿ, ನೀರಾದರೂ ಕುಡಿಯಲೆಂದು ಅವನ್ನು ಸಮುದ್ರಕ್ಕೆ ಎಸೆಸಿ, ಆಮೇಲೆ ಸೋತನಂತೆ. ಇಂದಿನ ಮದುವೆಯ ಕರೆಯೋಲೆಗಳಲ್ಲಿ ಕಾಣುವ 'ಆಸ್ಪಿಷಸ್' ಎಂಬ ಇಂಗ್ಲಿಷ್ ಮಾತಿನೊಳಗೂ ಆ ಹಕ್ಕಿಯೇ ಕುಳಿತಿದೆ.

ನಮ್ಮ 'ಶಕುನ'ದ ಕಥೆಯೂ ಇದೇ. ಸಂಸ್ಕೃತದಲ್ಲಿ ಶಕುನವೆಂದರೆ ಮೊದಲು ಹಕ್ಕಿ. ಒಳಿತು ಕೆಡುಕಿನ ಸೂಚನೆಯೆಂಬ ಅರ್ಥ ಆಮೇಲಿನದು. ಹಾಲಕ್ಕಿ ನುಡಿಯಿತೆಂದು ಬುಡುಬುಡಿಕೆಯವನು ಬಾಗಿಲಿಗೆ ಬಂದು ಹೇಳುವುದನ್ನು ಊರಿನಲ್ಲಿ ಬೆಳೆದವರು ಬಲ್ಲರು. ನಮ್ಮ ಶಾಲೆಯ ಮಕ್ಕಳಿಗೆ ಅದನ್ನು ನಾನೇ ನಟಿಸಿ ತೋರಿಸಬೇಕಾಯಿತು.

ಕೆಲಸ ಹುಡುಕಿಕೊಂಡು ನಾನು ಊರು ಬಿಟ್ಟ ನಸುಕಿನಲ್ಲಿ ಅಜ್ಜಿಯು ಬಸ್ಸಿನವರೆಗೂ ಬಂದು, ಬೇವಿನ ಮರದ ಕಡೆ ಕಿವಿಗೊಟ್ಟು, "ಹಾಲಕ್ಕಿ ನುಡೀತ ನೋಡಪಾ, ಹೋಗಿ ಬಾ" ಎಂದಳು. ನನಗೆ ಕೇಳಿಸಿದ್ದು ಬಸ್ಸಿನ ಸದ್ದೊಂದೇ. ಆದರೂ ಹತ್ತಿ ಕುಳಿತೆನು.