ದೀಪದ ಎಣ್ಣೆ

ಲಕ್ಷ್ಮೀ ಸರಸ್ವತಿಯರು ಒಂದೆಡೆಯಲ್ಲಿ ನಿಲ್ಲರೆಂಬ ಮಾತನ್ನು ನಾವು ಪಾಠಶಾಲೆಯಲ್ಲಿಯೇ ಕೇಳಿದವರು. ಬಡ ಪಂಡಿತನ ಸಮಾಧಾನಕ್ಕೆ ಈ ಮಾತು ಸಾಕು. ವಿಶ್ವವಿದ್ಯಾಲಯವನ್ನು ನಡೆಯಿಸುವುದಕ್ಕೆ ಮಾತ್ರ ಸಾಲದು.

ನಮ್ಮ ಪೂರ್ವಿಕರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನವನ್ನು ನೋಡಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ದೇಶದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು, ಗುರುವಿನ ಜೀವನಕ್ಕೆ 50 ನಿವರ್ತನ ಭೂಮಿ, ದೀಪಕ್ಕೆಂದೇ ಬೇರೆ 12 ನಿವರ್ತನ! ಊರವರೂ ಮದುವೆ, ಮುಂಜಿ, ಚೌಲಗಳಲ್ಲಿ ಶಾಲೆಗೆ ಕಾಣಿಕೆ ಕೊಡುತ್ತಿದ್ದರು. ಮಂಟಪವನ್ನು ಕಟ್ಟಿದೊಡನೆ ಧರ್ಮವು ತೀರಿತೆಂದು ಆ ಮಂತ್ರಿಯು ತಿಳಿಯಲಿಲ್ಲ. ಪ್ರತಿದಿನದ ಎಣ್ಣೆಯನ್ನೂ ನೆನೆದನು.

ಇಂದಿನ ಸ್ಥಿತಿಯಾದರೋ ಬೇರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಕ್ಕಳು ಮೊದಲು 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪದವಿಯನ್ನು ಪಡೆಯುತ್ತಿದ್ದರು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾದಾಗ ಸರಸ್ವತಿಯು ನಮ್ಮ ಅಂಗಳಕ್ಕೇ ಬಂದಳೆಂದು ಹಿಗ್ಗಿದೆವು. ಮುಂದೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವು ಹುಟ್ಟಿತು. ಆದರೆ 2025ರಲ್ಲಿ, ಹಣವಿಲ್ಲದ ಕಾರಣ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ವಿಚಾರವು ಸಚಿವರ ಉಪಸಮಿತಿಯಲ್ಲಿ ನಡೆದಾಗ ಇದರ ಹೆಸರೂ ಕೇಳಿಬಂದಿತು. ಹೆಸರಿಟ್ಟ ಕೂಸಿಗೆ ಹಾಲಿನ ಏರ್ಪಾಡಿರಲಿಲ್ಲ.

ಒಂದನ್ನು ಒಡೆದು ಎರಡು ಮಾಡಿದರೆ ಕಾಲೇಜುಗಳು ಹಂಚಿಹೋಗುವುವು; ಅವುಗಳಿಂದ ಬರುವ ಸಂಯೋಜನೆಯ ಮತ್ತು ಪರೀಕ್ಷೆಯ ಶುಲ್ಕವೂ ಹಂಚಿಹೋಗುವುದು. ಸರಕಾರದ ಅನುದಾನವು ಆ ಕೊರತೆಯನ್ನು ತುಂಬದಿದ್ದರೆ ಮೊದಲು ನಿಲ್ಲುವುದು ಅಧ್ಯಾಪಕರ ನೇಮಕ, ಬಳಿಕ ಗ್ರಂಥಾಲಯದ ಖರೀದಿ, ಕಡೆಗೆ ಸಂಶೋಧನೆ. ಆಗ ವಿದ್ಯಾಪೀಠವು ಬರಿಯ ಪರೀಕ್ಷಾ ಕಚೇರಿಯಾಗುವುದು. ಗುಣವನ್ನು ಅಳೆಯಲು ಬರುವ ನ್ಯಾಕ್ ಮಂಡಳಿಯವರು ಅಧ್ಯಾಪಕರೆಷ್ಟು, ಸಂಶೋಧನೆಯೆಷ್ಟು ಎಂದೇ ಕೇಳುವರು. ಶ್ರೇಣಿಯು ಇಳಿದರೆ ಮುಂದಿನ ಸಹಾಯವೂ ದೂರ ಸರಿಯುವುದು.

ವ್ಯಾಕರಣದಲ್ಲಿ ನಿಪುಣನಾದ ನನ್ನ ಶಿಷ್ಯನೊಬ್ಬನು ಹನ್ನೊಂದು ವರ್ಷಗಳಿಂದ ‘ಅತಿಥಿ ಉಪನ್ಯಾಸಕ’ನಾಗಿದ್ದಾನೆ. ಬರುವ ತಿಥಿ ಗೊತ್ತಿಲ್ಲದವನು ಅತಿಥಿ. ಒಂದೇ ರಾತ್ರಿ ನಿಲ್ಲುವವನು ಅವನೆಂದು ಸ್ಮೃತಿಕಾರರು ಹೇಳುವರು. “ಗುರುಗಳೇ, ನನ್ನ ಸಂಬಳಕ್ಕೆ ಮಾತ್ರ ಈ ಲಕ್ಷಣವು ಸರಿಯಾಗಿ ಹೊಂದುತ್ತದೆ, ಅದಕ್ಕೂ ತಿಥಿಯಿಲ್ಲ” ಎಂದು ಅವನು ನಗುತ್ತಾನೆ. ನನಗೆ ನಗೆ ಬರಲಿಲ್ಲ. ಮುಂದಿನ ವರ್ಷ ಇರುವೆನೋ ಇಲ್ಲವೋ ಎಂಬ ಚಿಂತೆಯಲ್ಲಿರುವವನು ಯಾವ ಗ್ರಂಥವನ್ನು ಬರೆದಾನು? ಯಾವ ಶಿಷ್ಯನನ್ನು ತಿದ್ದಿಯಾನು?

ಹಣವೊಂದರಿಂದಲೇ ಪಾಂಡಿತ್ಯವು ಬರುವುದೆಂದು ನಾನು ಹೇಳುವುದಿಲ್ಲ. ಸೋಮಾರಿಗೆ ಸಂಬಳ ಹೆಚ್ಚಿಸಿದರೆ ಅವನು ಸಂಬಳವುಳ್ಳ ಸೋಮಾರಿಯೇ ಆಗುವನು. ಆದರೆ ಉದ್ಯೋಗಶೀಲನಿಗೆ ಬತ್ತಿಯಿದ್ದೂ ಎಣ್ಣೆಯಿಲ್ಲದಿದ್ದರೆ ಕತ್ತಲೆಯು ತಪ್ಪದು.

ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಹೊಸ ಅಡಿಗಲ್ಲನ್ನು ಬೇಡುವ ಮೊದಲು, ಇರುವ ವಿದ್ಯಾಪೀಠದ ಬರಿದಾದ ಸ್ಥಾನಗಳನ್ನು ತುಂಬಿರೆಂದು ನಮ್ಮ ಪ್ರತಿನಿಧಿಗಳನ್ನು ಕೇಳೋಣ. ಕಬ್ಬು ತಂಬಾಕುಗಳ ಈ ಸೀಮೆಯಲ್ಲಿ ಮದುವೆಗಳ ವೈಭವಕ್ಕೆ ಕೊರತೆಯಿಲ್ಲ. ಸಾಲೋಟಗಿಯವರಂತೆ ಒಂದೊಂದು ಮದುವೆಯಿಂದ ಸಮೀಪದ ಕಾಲೇಜಿನ ಗ್ರಂಥಾಲಯಕ್ಕೆ ಕೆಲವು ಪುಸ್ತಕಗಳಾದರೂ ಸಲ್ಲಲಿ.